ಕಲ್ಲಿನ ಕೆಳಗೆ ಕೊಪ್ಪರಿಗೆ ಇಲ್ಲ, ಮಕ್ಕಳೇ

ಶಾಸನ ಓದಲು ಯಾವ ಹಳ್ಳಿಗೆ ಹೋದರೂ ಕಲ್ಲು ತೊಳೆದು ಮುಗಿಯುವಷ್ಟರಲ್ಲಿ ಯಾರಾದರೊಬ್ಬರು ಪಕ್ಕಕ್ಕೆ ಬಂದು ದನಿ ತಗ್ಗಿಸುತ್ತಾರೆ: "ಸಾ, ನಿಧಿ ಎಲ್ಲೈತೆ ಅಂತ ಬರ್ದವ್ರೆ?"

ಎಲ್ಲೂ ಬರೆದಿಲ್ಲ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಮೂಡಲಿಗೆ ಹುಣಿಸೆಮರ, ತೆಂಕಲಿಗೆ ಹುತ್ತ, ಪಡುವಲಿಗೆ ನಟ್ಟಕಲ್ಲು ಎಂಬ ಧಾಟಿಯ ಸಾಲುಗಳಿರುತ್ತವೆ. ಅದು ಚಕ್ಕುಬಂದಿ. ನಿಮ್ಮ ಮನೆಯ ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಓಣಿ ಎಂದಿರುತ್ತದಲ್ಲ, ಅದೇ. ಹುತ್ತ ಅಂದರೆ ಹುತ್ತ, ಅದರೊಳಗೆ ಹೊನ್ನಿಲ್ಲ. ಮೇಲೆ ಕೆತ್ತಿದ ಸೂರ್ಯಚಂದ್ರರೂ ಗುಪ್ತ ಗುರುತಲ್ಲ, ಅವರಿರುವ ತನಕ ಈ ದಾನ ನಡೆಯಲಿ ಎಂದರ್ಥ. ಇನ್ನೊಮ್ಮೆ ಹೇಳುತ್ತೇನೆ: ಜಮೀನಿನ ಪತ್ರ! ಓಲೆಗರಿಗೆ ಹುಳ ಬೀಳುತ್ತದೆ, ಅದಕ್ಕೆ ಕಲ್ಲು.

ಎಲ್ಲ ಕಲ್ಲಿನಲ್ಲೂ ಇಷ್ಟೇ ಎನ್ನಲಾರೆ. ಗದ್ದೆಯನ್ನು ಸಲಗೆ, ಕೊಳಗ ಎಂಬ ಧಾನ್ಯದ ಅಳತೆಯಲ್ಲಿ ಹೇಳುತ್ತಾರೆ, ಅಂದರೆ ಎಷ್ಟು ಬಿತ್ತನೆ ಹಿಡಿಯುತ್ತದೋ ಅಷ್ಟು ಗದ್ದೆ. ಗುಡಿಯ ನಂದಾದೀವಿಗೆಗೆ ಯಾವ ಗಾಣದಿಂದ ಎಣ್ಣೆ, ಕೆರೆ ಕಾಯುವವನಿಗೆ ಯಾವ ಹೊಲ, ಎಲ್ಲ ಅಲ್ಲಿದೆ. ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವೂ ಇರುತ್ತದೆ. ಇದನ್ನು ಓದಿದಾಗ ಒಬ್ಬ ಹುಡುಗ, "ಲೆಕ್ಕ ಇಡೋರ್ಯಾರು ಸಾ?" ಅಂದ. ನನ್ನಲ್ಲಿ ಉತ್ತರವಿರಲಿಲ್ಲ.

ವೀರಗಲ್ಲುಗಳ ಕಥೆ ಬೇರೆ. ಊರಿನ ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವರು ಅಲ್ಲಿದ್ದಾರೆ. ದನ ಹೋದರೆ ಉಳುಮೆ ಹೋಯಿತು, ಹಾಲು ಹೋಯಿತು. ನನಗೆ ಎಲ್ಲಕ್ಕಿಂತ ಇಷ್ಟ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಸುಮಾರು 950ರದು. ಮಣಲೆರನೆಂಬ ವೀರನು ತನ್ನ ಒಡೆಯ, ಗಂಗರ ದೊರೆ ಬೂತುಗನಿಂದ ಬೇಡಿ ಪಡೆದ ಬೇಟೆನಾಯಿ ಕಾಳಿ. ಅದು ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಂಡವನಿಗೆ ಪಾಪ ಎಂದೂ ಕೆತ್ತಿಸಿದರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋಗಿ, ಕಾಳಿಯನ್ನು ನೋಡಿ ಬನ್ನಿ.

ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಅರ್ಧ ಓದಿ ಬಂದಿದ್ದ ಕಲ್ಲೊಂದಿತ್ತು. ಮರುವರ್ಷ ಹೋದರೆ ಯಾರೋ ರಾತ್ರಿ ಬುಡ ಅಗೆದು ಉರುಳಿಸಿದ್ದರು. ಕೆಳಗೆ ಸಿಕ್ಕಿದ್ದು ಬರೀ ಮಣ್ಣು. ಮೂಡಲು, ತೆಂಕಲು, ಪಡುವಲು ಓದಲು ಬರುತ್ತವೆ. ಬಡಗಲಿಗೆ ಏನಿತ್ತೋ, ಆ ಚೂರು ಗುದ್ದಲಿಗೆ ಹೋಗಿದೆ.