ಪ್ರೇಮಚಿತ್ರದ ಟೀಸರ್: ಎಷ್ಟು ತೋರಿಸಬೇಕು, ಎಲ್ಲಿ ನಿಲ್ಲಬೇಕು

ಹೊಡೆದಾಟದ ಚಿತ್ರಕ್ಕೆ ಟೀಸರ್ ಕಟ್ಟುವವರ ಕೈಯಲ್ಲಿ ಸಾಮಗ್ರಿ ಬೇಕಾದಷ್ಟಿರುತ್ತದೆ. ಪ್ರೇಮಚಿತ್ರದಲ್ಲಿ ಇರುವುದು ಎರಡು ಮುಖ, ಒಂದು ಹಾಡು, ಇಬ್ಬರ ನಡುವೆ ನಿಂತ ಒಂದು ಅಡ್ಡಿ. ಇಷ್ಟರಲ್ಲೇ ನೋಡುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿಸಿ, ಬಿಡುಗಡೆಯ ದಿನದವರೆಗೂ ಅದು ಆರದಂತೆ ಕಾಯಬೇಕು. ಆ ಪ್ರಶ್ನೆ ಯಾವುದು ಅನ್ನುವಲ್ಲೇ ಬಹಳಷ್ಟು ತಂಡಗಳು ಎಡವುತ್ತವೆ. ‘ಇಬ್ಬರೂ ಒಂದಾಗುತ್ತಾರೋ ಇಲ್ಲವೋ’ ಎಂದು ಕೇಳುವ ಟೀಸರ್‌ಗೆ ಆಯುಷ್ಯ ಕಡಿಮೆ, ಏಕೆಂದರೆ ಅದಕ್ಕಿರುವುದು ಎರಡೇ ಉತ್ತರ. ನೋಡುಗರು ಕೂತಲ್ಲೇ ಒಂದನ್ನು ಊಹಿಸಿ ಮುಂದೆ ಹೋಗಿಬಿಡುತ್ತಾರೆ. ‘ಇವರನ್ನು ತಡೆಯುತ್ತಿರುವುದು ಏನು, ಅದನ್ನು ದಾಟಲು ಯಾರು ಏನನ್ನು ಬಿಟ್ಟುಕೊಡಬೇಕಾದೀತು’ ಎಂಬ ಪ್ರಶ್ನೆಗೆ ಮಾತ್ರ ಊಹೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಚಿತ್ರಮಂದಿರಕ್ಕೆ ಜನರನ್ನು ಕರೆತರುವುದು ಈ ಎರಡನೆಯ ಪ್ರಶ್ನೆ.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಸುಂದರ ದೃಶ್ಯಗಳನ್ನು ಆರಿಸುವುದರಿಂದ ಅಲ್ಲ, ಮಾತಿನಿಂದ. ರಫ್ ಕಟ್, ಅಂದರೆ ಚಿತ್ರದ ಮೊದಲ ಕಚ್ಚಾ ಸಂಕಲನವನ್ನು ಪೂರ್ತಿ ನೋಡಿ, ಮನಸ್ಸಿಗೆ ತಾಗಿದ ಹತ್ತು ಹನ್ನೆರಡು ಸಾಲುಗಳನ್ನು ಬೇರೆ ಟೈಮ್‌ಲೈನ್‌ಗೆ ಎತ್ತಿಟ್ಟುಕೊಳ್ಳಬೇಕು. ಕೊನೆಗೆ ಉಳಿಯುವುದು ನಾಲ್ಕೋ ಐದೋ. ಪರದೆ ಕಪ್ಪಾಗಿಟ್ಟು ಆ ಸಾಲುಗಳನ್ನಷ್ಟೇ ಕೇಳಿಸಿದಾಗ ಕಥೆಯ ಎಳೆ ಕಿವಿಗೆ ಸಿಗಬೇಕು. ಸಿಗದಿದ್ದರೆ ಅದರ ಮೇಲೆ ಎಷ್ಟು ಚೆಂದದ ಶಾಟ್ ಹಾಸಿದರೂ ಅದು ಹಾಡಿನ ವಿಡಿಯೋ ಆಗುತ್ತದೆಯೇ ಹೊರತು ಟೀಸರ್ ಆಗುವುದಿಲ್ಲ. ಪ್ರೀತಿಯನ್ನು ನೇರವಾಗಿ ಒಪ್ಪಿಕೊಳ್ಳುವ ಸಾಲನ್ನು ಮೊದಲು ಪಕ್ಕಕ್ಕಿಡಬೇಕು. ‘ನೀನಿಲ್ಲದೆ ಬದುಕೋಕಾಗಲ್ಲ’ ಎಂದು ಒಂದು ಪಾತ್ರ ಹೇಳಿಬಿಟ್ಟರೆ ನೋಡುಗರಿಗೆ ಕೇಳಲು ಏನೂ ಉಳಿಯುವುದಿಲ್ಲ. ‘ನಾಳೆ ಬರ್ತೀಯಲ್ಲ?’ ಎಂಬ ಸಾದಾ ಪ್ರಶ್ನೆಗೆ ಎದುರಿನವರು ಉತ್ತರ ಕೊಡದೆ ಸುಮ್ಮನೆ ನಿಂತರೆ, ಅಲ್ಲಿ ಕಥೆ ಇದೆ.

ದೃಶ್ಯಗಳ ಆಯ್ಕೆಗೆ ಒಂದು ಗಟ್ಟಿ ಕಟ್ಟುಪಾಡು ಹಾಕಿಕೊಳ್ಳುವುದು ಒಳ್ಳೆಯದು: ದೃಶ್ಯಗಳು ಇಂಟರ್ವಲ್‌ಗೆ ಮುಂಚಿನ ಭಾಗದವು ಮಾತ್ರ, ದ್ವಿತೀಯಾರ್ಧದಿಂದ ಬೇಕಿದ್ದರೆ ಧ್ವನಿಯನ್ನಷ್ಟೇ ತೆಗೆದುಕೊಳ್ಳುವುದು. ಧ್ವನಿಗೆ ಕಾಲವಿಲ್ಲ. ಅದೇ ಸಾಲು ಮೊದಲ ಭೇಟಿಯ ದೃಶ್ಯದ ಮೇಲೆ ಬಂದರೆ ಬೇರೆಯೇ ಅರ್ಥ ಹೊಳೆಯುತ್ತದೆ, ಚಿತ್ರ ನೋಡುವಾಗ ಅದರ ನಿಜವಾದ ಜಾಗ ಸಿಕ್ಕಾಗ ನೋಡುಗರಿಗೆ ಮೋಸವಾಯಿತು ಅನ್ನಿಸುವುದಿಲ್ಲ. ಚಿತ್ರಿಕೆ, ಅಂದರೆ ಶಾಟ್, ಹಾಗಲ್ಲ. ಬೆರಳಿನಲ್ಲಿರುವ ಉಂಗುರ, ಬೆಳೆದ ಗಡ್ಡ, ಆಸ್ಪತ್ರೆಯ ಕಾರಿಡಾರ್, ಖಾಲಿಯಾದ ಮನೆ, ಇವುಗಳಲ್ಲಿ ಒಂದು ಅರ್ಧ ಸೆಕೆಂಡ್ ಕಂಡರೂ ಸಾಕು. ಇಂದಿನ ಪ್ರೇಕ್ಷಕರು ನಿಲ್ಲಿಸಿ, ಹಿಂದೆ ಓಡಿಸಿ, ಒಂದೊಂದು ಫ್ರೇಮ್ ನೋಡುತ್ತಾರೆ. ಸೆಕೆಂಡಿಗೆ 24 ಫ್ರೇಮ್‌ನಂತೆ ಒಂದು ನಿಮಿಷದ ಟೀಸರ್‌ನಲ್ಲಿ 1,440 ಫ್ರೇಮ್‌ಗಳಿವೆ. ಅಷ್ಟನ್ನೂ ಯಾರೋ ಒಬ್ಬರು ನೋಡಿಯೇ ನೋಡುತ್ತಾರೆ ಎಂದುಕೊಂಡೇ ಕೆಲಸ ಮಾಡಬೇಕು.

ಇನ್ನು ಪ್ರೇಮಚಿತ್ರದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ, ‘ಜೋಡಿ ಹೊಂದುತ್ತದಾ?’ ಇದಕ್ಕೆ ಟೀಸರ್ ನೋಡಿ ಉತ್ತರ ಹೇಳುವಾಗ ಬಹಳ ಎಚ್ಚರ ಬೇಕು, ಏಕೆಂದರೆ ಸಂಕಲನ ಇಲ್ಲದ ಪ್ರೀತಿಯನ್ನೂ ಹುಟ್ಟಿಸಬಲ್ಲದು. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ತೋರಿಸಿಕೊಟ್ಟದ್ದು ಇದನ್ನೇ. ನಟ ಇವಾನ್ ಮೊಝ್ಝುಖಿನ್‌ನ ಒಂದೇ ನಿರ್ಭಾವದ ಮುಖದ ಪಕ್ಕದಲ್ಲಿ ಬೇರೆ ಬೇರೆ ಚಿತ್ರಿಕೆ ಇಟ್ಟಾಗ ನೋಡಿದವರು ಆ ಮುಖದಲ್ಲಿ ಹಸಿವು, ದುಃಖ, ಮಮತೆ ಎಲ್ಲವನ್ನೂ ಕಂಡರು. ನಾಯಕನ ಕ್ಲೋಸಪ್, ನಾಯಕಿಯ ಕ್ಲೋಸಪ್, ಮತ್ತೆ ನಾಯಕ, ಕೆಳಗೆ ಒಂದು ಕೊಳಲಿನ ಎಳೆ: ಇಷ್ಟಕ್ಕೆ ಪ್ರೀತಿ ಕಾಣುತ್ತದೆ. ಆ ಎರಡು ಕ್ಲೋಸಪ್‌ಗಳನ್ನು ಬೇರೆ ಬೇರೆ ದಿನ, ಎದುರಿನ ನಟರೇ ಇಲ್ಲದೆ ತೆಗೆದಿದ್ದರೂ ಕಾಣುತ್ತದೆ.

ಆದ್ದರಿಂದ ಹೊಂದಾಣಿಕೆಯ ಅಂದಾಜು ಸಿಗಬೇಕಾದರೆ ಟೂ ಶಾಟ್ ಹುಡುಕಬೇಕು. ಇಬ್ಬರ ಮುಖವೂ ಒಂದೇ ಫ್ರೇಮ್‌ನಲ್ಲಿ, ಕಟ್ ಇಲ್ಲದೆ, ಕನಿಷ್ಠ ಮೂರು ನಾಲ್ಕು ಸೆಕೆಂಡ್. ಅಲ್ಲಿ ಮಾತನಾಡುವವರನ್ನು ನೋಡಬೇಡಿ, ಕೇಳಿಸಿಕೊಳ್ಳುವವರನ್ನು ನೋಡಿ. ತನ್ನ ಸಾಲಿನ ಸರದಿಗೆ ಕಾಯುತ್ತಿರುವ ನಟರ ಕಣ್ಣು ನಿಂತುಹೋಗಿರುತ್ತದೆ. ನಿಜವಾಗಿ ಕೇಳಿಸಿಕೊಳ್ಳುತ್ತಿರುವವರ ಮುಖ ಎದುರಿನವರ ಮಾತಿನ ಮಧ್ಯದಲ್ಲೇ, ಒಂದು ಪದದ ಮೇಲೆ, ಸಣ್ಣಗೆ ಬದಲಾಗುತ್ತದೆ. ಸಜೆಷನ್ ಶಾಟ್, ಅಂದರೆ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ತೋರಿಸುವ ಶಾಟ್, ಕೂಡ ಸ್ವಲ್ಪ ಸುಳಿವು ಕೊಡುತ್ತದೆ. ಒಬ್ಬರ ಭುಜ ಫ್ರೇಮ್‌ನಲ್ಲಿದ್ದರೆ ಆ ದಿನ ಇಬ್ಬರೂ ಸೆಟ್ಟಿನಲ್ಲಿದ್ದಿರಬೇಕು, ಡೂಪ್ ಭುಜ ಅಲ್ಲದಿದ್ದರೆ. ಇಡೀ ಟೀಸರ್‌ನಲ್ಲಿ ಒಂದೂ ಟೂ ಶಾಟ್ ಇಲ್ಲ, ಬರೀ ಒಂಟಿ ಕ್ಲೋಸಪ್‌ಗಳು ಮತ್ತು ಬೆನ್ನು ತೋರಿಸುವ ದೂರದ ಶಾಟ್‌ಗಳು ಎಂದಾದರೆ ತಂಡಕ್ಕೇ ತಮ್ಮ ಜೋಡಿಯ ಬಗ್ಗೆ ಅನುಮಾನವಿರುವ ಸಾಧ್ಯತೆ ಹೆಚ್ಚು.

ಟೀಸರ್ ಕಟ್ಟುವವರು ಇದೇ ಕಾರಣಕ್ಕೆ ಆ ಒಂದು ಟೂ ಶಾಟ್‌ಗಾಗಿ ಹೋರಾಡಬೇಕು. ವೇಗ ಕಡಿಮೆಯಾಯಿತು, ಕತ್ತರಿಸಿ ಎಂದು ಮಾರ್ಕೆಟಿಂಗ್‌ನವರು ಹೇಳುತ್ತಾರೆ. ಮಣಿಯಬಾರದು. ಒಂದು ನಿಮಿಷದ ಪ್ರೇಮ ಟೀಸರ್‌ಗೆ 25ರಿಂದ 30 ಶಾಟ್ ಸಾಕು. ಅದು 50 ದಾಟಿತೆಂದರೆ ಮುಖದ ಭಾವ ಓದಲು ಕಣ್ಣಿಗೆ ಪುರುಸೊತ್ತೇ ಸಿಗುವುದಿಲ್ಲ. ಮಾತು ಮುಗಿದ ಮೇಲೆ ಕೇಳಿದವರ ಮುಖವನ್ನು 36ರಿಂದ 48 ಫ್ರೇಮ್ ಹಿಡಿದಿಡಬೇಕು, ಅಂದರೆ ಒಂದೂವರೆಯಿಂದ ಎರಡು ಸೆಕೆಂಡ್. ಮಾತಿನ ಕೊನೆಯ ಅಕ್ಷರಕ್ಕೇ ಕಟ್ ಮಾಡಿದರೆ ಸುದ್ದಿ ಓದಿದಂತಾಗುತ್ತದೆ.

ಮೊಬೈಲಿಗಾಗಿ ಮಾಡುವ ನಿಂತ ಫ್ರೇಮ್‌ನ, ಅಂದರೆ ಅಗಲಕ್ಕಿಂತ ಎತ್ತರ ಹೆಚ್ಚಿರುವ ತುಣುಕುಗಳಲ್ಲಿ ಈ ವಿಷಯಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. 2.39:1 ಅಳತೆಯ (ಅಗಲ : ಎತ್ತರ) ಚಿತ್ರದಿಂದ ಪೂರ್ತಿ ಎತ್ತರ ಇಟ್ಟುಕೊಂಡು 9:16 ತುಂಡು ತೆಗೆದರೆ ಅಗಲದಲ್ಲಿ ಉಳಿಯುವುದು ಶೇ 23.5 ಮಾತ್ರ, ಕಾಲು ಭಾಗವೂ ಇಲ್ಲ. ಛಾಯಾಗ್ರಾಹಕರು ಇಬ್ಬರನ್ನು ಚೌಕಟ್ಟಿನ ಎರಡು ತುದಿಗೆ ನಿಲ್ಲಿಸಿ ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಆ ಖಾಲಿ ಜಾಗವೇ ಕಥೆಯ ಅಡ್ಡಿ. ನಿಂತ ಫ್ರೇಮ್‌ನಲ್ಲಿ ಒಬ್ಬರು ಹೊರಗೆ ಹೋಗುತ್ತಾರೆ, ದೂರವೂ ಹೋಗುತ್ತದೆ. ಸಾಫ್ಟ್‌ವೇರ್ ತಾನಾಗಿ ಮುಖ ಹಿಂಬಾಲಿಸುವಂತೆ ಬಿಟ್ಟರೆ ಒಬ್ಬರಿಂದ ಇನ್ನೊಬ್ಬರಿಗೆ ಟೆನಿಸ್ ಪಂದ್ಯದ ಹಾಗೆ ಫ್ರೇಮ್ ಓಡಾಡುತ್ತದೆ. ಇಂಥ ಶಾಟ್‌ಗಳನ್ನು ಕತ್ತರಿಸದೆ, 1080 × 1920 ಫ್ರೇಮ್‌ನ ನಡುವೆ ಪೂರ್ತಿ ಅಗಲಕ್ಕೆ ಇಟ್ಟು ಮೇಲೆ ಕೆಳಗೆ ಕಪ್ಪು ಬಿಡುವುದೇ ಸರಿ. ಚಿತ್ರದ ಎತ್ತರ ಸುಮಾರು 452 ಪಿಕ್ಸೆಲ್ ಆಗುತ್ತದೆ, ಚಿಕ್ಕದೇ, ಆದರೆ ಇಬ್ಬರೂ ಇರುತ್ತಾರೆ. ಇದಕ್ಕಿಂತ ಒಳ್ಳೆಯ ದಾರಿ ಚಿತ್ರೀಕರಣದಲ್ಲೇ ಇದೆ: ಮುಖ್ಯವಾದ ಎರಡು ಮೂರು ಕ್ಷಣಗಳನ್ನು ಇಬ್ಬರೂ ಹತ್ತಿರ ಬರುವ ಹಾಗೆ, ಒಬ್ಬರು ಮುಂದೆ ಒಬ್ಬರು ಹಿಂದೆ ನಿಂತ ಹಾಗೆ ಒಂದು ಟೇಕ್ ಹೆಚ್ಚುವರಿಯಾಗಿ ತೆಗೆದಿಟ್ಟುಕೊಳ್ಳುವುದು.

ಸಂಗೀತದ ವಿಷಯಕ್ಕೆ ಬಂದರೆ ಲೆಕ್ಕ ಸರಳ. ನಿಮಿಷಕ್ಕೆ 60 ಬೀಟ್ ಇದ್ದರೆ ಒಂದು ಬೀಟ್‌ಗೆ 24 ಫ್ರೇಮ್, 72 ಇದ್ದರೆ 20 ಫ್ರೇಮ್, 80ಕ್ಕೆ 18, 90ಕ್ಕೆ 16. ಪ್ರೇಮ ಟೀಸರ್‌ಗೆ 60ರಿಂದ 80ರ ಒಳಗಿನ ಗತಿ ಸಾಮಾನ್ಯವಾಗಿ ಒಗ್ಗುತ್ತದೆ. ತೊಂದರೆ ಬರುವುದು ಪ್ರತಿ ಬೀಟಿಗೂ ಕಟ್ ಹಾಕಿದಾಗ. ಎಂಟು ಹತ್ತು ಕಟ್ ಆಗುವಷ್ಟರಲ್ಲಿ ಮುಂದಿನದು ಎಲ್ಲಿ ಬರುತ್ತದೆಂದು ನೋಡುಗರಿಗೆ ಗೊತ್ತಾಗಿ ಮುಖ ನೋಡುವುದನ್ನು ಬಿಟ್ಟು ತಾಳ ಎಣಿಸತೊಡಗುತ್ತಾರೆ. ಎರಡು ಮೂರು ಕಟ್ ಬೀಟಿನ ಮೇಲೆ, ಆಮೇಲೆ ಒಂದು ಶಾಟನ್ನು ನಾಲ್ಕು ಬೀಟ್ ದಾಟಿಸಿ ನಿಲ್ಲಿಸುವುದು, ಮುಂದಿನ ಕಟ್ಟನ್ನು ಯಾರದೋ ಉಸಿರಿನ ಮೇಲೋ ಕಣ್ಣು ಎತ್ತುವ ಕ್ಷಣದ ಮೇಲೋ ಹಾಕುವುದು, ಹೀಗೆ ತಾಳ ತಪ್ಪಿಸಿದರೆ ಗಮನ ಮುಖದ ಮೇಲೇ ಇರುತ್ತದೆ.

ಟೆಂಪ್ ಮ್ಯೂಸಿಕ್ ಮತ್ತೊಂದು ಅಪಾಯ. ಹಾಡು ಇನ್ನೂ ಸಿದ್ಧವಿಲ್ಲವೆಂದು ಬೇರೆ ಚಿತ್ರದ ಸಂಗೀತ ಹಾಕಿ ಟೀಸರ್ ಕಟ್ಟುತ್ತಾರೆ; ಎರಡು ವಾರ ಅದನ್ನೇ ಕೇಳಿ ಕೇಳಿ ನಿರ್ದೇಶಕರಿಗೆ ಬೇರೇನೂ ಹಿಡಿಸುವುದಿಲ್ಲ; ಕೊನೆಗೆ ಸಂಗೀತ ನಿರ್ದೇಶಕರಿಗೆ ‘ಇದೇ ಥರ ಬೇಕು’ ಎಂಬ ಬೇಡಿಕೆ ಹೋಗುತ್ತದೆ. ಹಾಗೆ ಹುಟ್ಟಿದ ರಾಗವನ್ನು ಕೇಳುಗರು ಮೊದಲ ದಿನವೇ ಗುರುತಿಸುತ್ತಾರೆ. ಹಳೆಯ ಸಂಗೀತವೇ ಬೇಕೆಂದಿದ್ದರೆ ಅದನ್ನೇ ಹಕ್ಕು ಪಡೆದು ಬಳಸುವುದರಲ್ಲಿ ಅವಮಾನವಿಲ್ಲ. ಹಾಂಗ್‌ಕಾಂಗ್‌ನ ನಿರ್ದೇಶಕ ವಾಂಗ್ ಕಾರ್ ವಾಯ್ ಅವರ 2000ದ ‘ಇನ್ ದ ಮೂಡ್ ಫಾರ್ ಲವ್’ ಚಿತ್ರದ ಗುರುತೇ ಆಗಿಹೋದ ವಾಲ್ಟ್ಸ್ ಮೂಲತಃ ಶಿಗೆರು ಉಮೆಬಾಯಾಶಿ 1991ರ ಒಂದು ಜಪಾನಿ ಚಿತ್ರಕ್ಕೆ ಮಾಡಿದ್ದು.

ಮಾತು, ಸಂಗೀತ, ಶಬ್ದಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ನಲ್ಲಿ ಒಂದೇ ಮಾತು: ಚಿತ್ರಮಂದಿರಕ್ಕೆ ಮಾಡಿದ ಮಿಕ್ಸನ್ನೇ ಆನ್‌ಲೈನ್‌ಗೆ ಹಾಕಬಾರದು. ಪ್ರೇಮಚಿತ್ರದ ಮುಖ್ಯ ಸಾಲುಗಳು ಪಿಸುಮಾತಿನಲ್ಲಿರುತ್ತವೆ, ಫೋನಿನ ಸ್ಪೀಕರ್‌ನಲ್ಲಿ ಅವು ಸಂಗೀತದ ಕೆಳಗೆ ಮುಳುಗುತ್ತವೆ. ಚೆಲ್ಲೋದ ತಗ್ಗಿನ ಸ್ವರ ಆ ಪುಟ್ಟ ಸ್ಪೀಕರ್‌ನಲ್ಲಿ ಬಹುಪಾಲು ಕೇಳಿಸುವುದೇ ಇಲ್ಲ. ಯೂಟ್ಯೂಬ್ ಸುಮಾರು −14 ಎಲ್‌ಯುಎಫ್‌ಎಸ್‌ಗಿಂತ (ಧ್ವನಿಯ ಒಟ್ಟಾರೆ ಜೋರನ್ನು ಅಳೆಯುವ ಮಾನ) ಜೋರಾದದ್ದನ್ನು ತಾನೇ ತಗ್ಗಿಸುತ್ತದೆ, ಹಾಗಾಗಿ ಜೋರು ಮಾಡಿ ಗೆಲ್ಲುವ ಪ್ರಶ್ನೆಯೂ ಇಲ್ಲ. ಮಾತಿನ ಹೊತ್ತಿಗೆ ಸಂಗೀತವನ್ನು ನಾಲ್ಕರಿಂದ ಆರು ಡೆಸಿಬೆಲ್ ಇಳಿಸಿ, ಕೊನೆಯ ಪರೀಕ್ಷೆಯನ್ನು ಸಾಧಾರಣ ಫೋನಿನಲ್ಲಿ, ಫ್ಯಾನ್ ತಿರುಗುವ ಕೋಣೆಯಲ್ಲಿ ಮಾಡಿದರೆ ಸಾಕು.

ನಿರ್ದೇಶಕರ ಹೆಸರು ಹುಟ್ಟಿಸುವ ನಿರೀಕ್ಷೆ ಟೀಸರ್‌ಗಿಂತ ಆಳವಾದದ್ದು. ಅದನ್ನು ಗೆಲುವು ಸೋಲುಗಳ ಪಟ್ಟಿ ನೋಡಿ ತೂಗಬಾರದು. ಅವರ ಹಿಂದಿನ ಚಿತ್ರಗಳಲ್ಲಿ ಅಡ್ಡಿ ಎಲ್ಲಿಂದ ಬರುತ್ತದೆ ಎಂದು ನೋಡಿ. ಅಪಘಾತ, ಕಾಯಿಲೆ, ತಪ್ಪಿಹೋದ ಫೋನ್ ಕರೆ, ಹೀಗೆ ಪ್ರತಿ ಸಲವೂ ಹೊರಗಿನಿಂದ ಬಂದರೆ ಆ ನಿರ್ದೇಶಕರು ಕಥೆಯನ್ನು ತಿರುಗಿಸಬಲ್ಲರು, ಪಾತ್ರಗಳನ್ನು ತಿರುಗಿಸುವುದು ಕಷ್ಟ. ಸ್ವಭಾವದಿಂದ, ಅಹಂಕಾರದಿಂದ, ಹೇಳದೆ ಉಳಿದ ಮಾತಿನಿಂದ ಅಡ್ಡಿ ಹುಟ್ಟಿದರೆ ಮುಂದಿನ ಚಿತ್ರಕ್ಕೆ ಕಾಯುವುದರಲ್ಲಿ ಅರ್ಥವಿದೆ. ಅದಕ್ಕಿಂತ ಸೂಕ್ಷ್ಮವಾದ ಅಳತೆಗೋಲು ಕಥೆಯ ಮೂರನೆಯ ವ್ಯಕ್ತಿ, ಅಂದರೆ ಪ್ರೀತಿಸಿಯೂ ಪ್ರೀತಿ ಸಿಗದೆ ಉಳಿಯುವವರು. ಅವರನ್ನು ಖಳರನ್ನಾಗಿಯೋ ಹಾಸ್ಯಕ್ಕೋ ಬಳಸಿ ಬದಿಗೆ ಸರಿಸುವುದು ಸುಲಭ. ಅವರಿಗೂ ನೋವಿದೆ, ಅವರ ವಾದದಲ್ಲೂ ನ್ಯಾಯವಿದೆ ಎಂದು ತೋರಿಸುವ ನಿರ್ದೇಶಕರು ಅಪರೂಪ. ಅಂಥವರ ಚಿತ್ರಕ್ಕೆ ಟೀಸರ್ ಸಾಧಾರಣವಾಗಿದ್ದರೂ ಮೊದಲ ಆಟಕ್ಕೇ ಹೋಗಬಹುದು.

ಜೊತೆಗಾರರ ಹೆಸರುಗಳನ್ನೂ ಓದಬೇಕು. ನಿರ್ದೇಶಕರ ಹಿಂದಿನ ಒಳ್ಳೆಯ ಚಿತ್ರಕ್ಕೆ ಸಂಭಾಷಣೆ ಬರೆದವರು ಈ ಸಲವೂ ಇದ್ದಾರಾ, ಸಂಕಲನಕಾರರು ಅವರೇನಾ? ನಮಗೆ ನಿರ್ದೇಶಕರ ಶೈಲಿಯೆಂದು ಕಾಣುವ ಮೌನಗಳಲ್ಲಿ ಸಂಕಲನಕಾರರ ಪಾಲು ದೊಡ್ಡದು. ಬರಹಗಾರರು ಬದಲಾದರೆ ಪಾತ್ರಗಳು ಮಾತಾಡುವ ರೀತಿಯೇ ಬದಲಾಗುತ್ತದೆ. ರಿಚರ್ಡ್ ಲಿಂಕ್ಲೇಟರ್ 1995, 2004, 2013ರಲ್ಲಿ, ಒಂಬತ್ತೊಂಬತ್ತು ವರ್ಷಗಳ ಅಂತರದಲ್ಲಿ ಒಂದೇ ಜೋಡಿಯ ಮೂರು ಪ್ರೇಮಚಿತ್ರ ಮಾಡಿದರು. ಮೊದಲನೆಯದು ಆರು ತಿಂಗಳ ನಂತರ ಮತ್ತೆ ಭೇಟಿಯಾಗುವ ಮಾತಿನೊಂದಿಗೆ ಮುಗಿದು, ಅದು ನಡೆಯಿತೋ ಇಲ್ಲವೋ ಹೇಳದೆ ಬಿಟ್ಟಿತ್ತು. ಮುಂದಿನ ಎರಡರ ಚಿತ್ರಕಥೆಯಲ್ಲಿ ನಟರಿಬ್ಬರೂ, ಈಥನ್ ಹಾಕ್ ಮತ್ತು ಜೂಲಿ ಡೆಲ್ಪಿ, ಲಿಂಕ್ಲೇಟರ್ ಜೊತೆ ಕೂತು ಬರೆದರು. ಪಾತ್ರಗಳೊಂದಿಗೆ ಅವರ ಮಾತೂ ಬೆಳೆದದ್ದಕ್ಕೆ ಆ ಬರವಣಿಗೆಯ ಜೋಡಣೆಯೇ ದೊಡ್ಡ ಕಾರಣ.

ಮೊದಲ ಚಿತ್ರದ ನಿರ್ದೇಶಕರಾದರೆ ನೋಡಲು ಹಿಂದಿನದೇನೂ ಇರುವುದಿಲ್ಲ. ಕಿರುಚಿತ್ರವಿದ್ದರೆ ಅದನ್ನು ಶಬ್ದ ಆರಿಸಿ ಒಮ್ಮೆ ನೋಡಿ. ಸಂಗೀತವಿಲ್ಲದೆಯೂ ಇಬ್ಬರ ನಡುವಿನ ಸಂಬಂಧ ಅರ್ಥವಾದರೆ ಅವರಿಗೆ ನಟರನ್ನು ಎಲ್ಲಿ ನಿಲ್ಲಿಸಬೇಕು, ಕ್ಯಾಮೆರಾ ಎಲ್ಲಿಡಬೇಕು ಎಂಬುದು ಗೊತ್ತಿದೆ.

ಬಿಡುಗಡೆಯ ಮುಂಚಿನ ಕ್ರಮವನ್ನೂ ಪ್ರೇಮಚಿತ್ರಕ್ಕೆ ಬೇರೆಯಾಗಿ ಹಾಕಿಕೊಳ್ಳಬೇಕು. ಇಲ್ಲಿ ಹಾಡು ಟ್ರೇಲರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ, ಆದರೆ ನಿಧಾನವಾಗಿ. ಕೇಳಿ, ಮತ್ತೆ ಕೇಳಿ, ಬಾಯಿಗೆ ಬರಲು ವಾರಗಳು ಬೇಕು. ಆರರಿಂದ ಎಂಟು ವಾರ ಮುಂಚೆ ಮೊದಲ ಹಾಡು, ಲಿರಿಕಲ್ ವಿಡಿಯೋ ರೂಪದಲ್ಲಿ, ದೃಶ್ಯಗಳನ್ನು ಆದಷ್ಟು ಕಡಿಮೆ ತೋರಿಸಿ. ಟ್ರೇಲರ್ ಹತ್ತು ಹದಿನೈದು ದಿನ ಮುಂಚೆ, ಎರಡು ನಿಮಿಷದ ಆಸುಪಾಸು. ಎರಡನೆಯ ಹಾಡನ್ನು ಇವೆರಡರ ನಡುವೆ ಬಿಡುವುದಾದರೆ ಅದು ವಿರಹದ ಹಾಡಾಗಿರಬಾರದು. ಸಾಹಿತ್ಯದಲ್ಲೇ ಕಥೆ ಬಯಲಾಗುತ್ತದೆ.

ದುಃಖದ ಚಿತ್ರವನ್ನು ನಗೆಯ ಟ್ರೇಲರ್‌ನಿಂದ ಮಾರುವುದು ಹಳೆಯ ಚಾಳಿ. ಮೊದಲ ದಿನ ಜನ ಬರುತ್ತಾರೆ. ಮರುದಿನ ಅವರು ಗೆಳೆಯರಿಗೆ ಹೇಳುವ ಮಾತು ‘ಅಂದುಕೊಂಡಂತೆ ಇಲ್ಲ’. ಚಿತ್ರ ಚೆನ್ನಾಗಿದ್ದರೂ ಆ ಮಾತಿನಿಂದ ಅದು ಚೇತರಿಸಿಕೊಳ್ಳುವುದಿಲ್ಲ, ಮತ್ತು ಇಂಥ ಚಿತ್ರವನ್ನೇ ಹುಡುಕುತ್ತಿದ್ದ ಪ್ರೇಕ್ಷಕರು ಟ್ರೇಲರ್ ನೋಡಿ ತಮ್ಮದಲ್ಲವೆಂದು ದೂರ ಉಳಿದಿರುತ್ತಾರೆ. ಅಂತ್ಯವನ್ನು ಬಚ್ಚಿಡಬಹುದು, ಚಿತ್ರದ ಬಣ್ಣವನ್ನು ಬಚ್ಚಿಡಬಾರದು.

ಬಿಡುಗಡೆ ಮುಂದಕ್ಕೆ ಹೋದರೆ ಗಾಬರಿಯಾಗಿ ಹೊಸ ದೃಶ್ಯಗಳ ಎರಡನೆಯ ಟೀಸರ್ ಬಿಡುವುದು ಬೇಡ. ಪೋಸ್ಟರ್, ಹಾಡಿನ ಅಕೌಸ್ಟಿಕ್ ಆವೃತ್ತಿ, ಡಬ್ಬಿಂಗ್ ಕೋಣೆಯ ಎರಡು ಫೋಟೋ ಸಾಕಾಗುತ್ತವೆ. ಆ ಅವಧಿಯಲ್ಲಿ ಮಾಡಲೇಬೇಕಾದ ಕೆಲಸ ಬೇರೆಯಿದೆ. ರಫ್ ಕಟ್‌ನಿಂದ ಕಟ್ಟಿದ ಟ್ರೇಲರನ್ನು ಲಾಕ್ ಆದ, ಅಂದರೆ ಸಂಕಲನ ಅಂತಿಮಗೊಂಡ ಚಿತ್ರದ ಪಕ್ಕದಲ್ಲಿಟ್ಟು ಒಂದೊಂದು ಶಾಟ್ ಹೋಲಿಸಿ ನೋಡಬೇಕು. ಚಿತ್ರದಿಂದ ಕಿತ್ತುಹಾಕಿದ ದೃಶ್ಯ ಟ್ರೇಲರ್‌ನಲ್ಲಿ ಉಳಿದಿದ್ದರೆ ತೆಗೆಯಬೇಕು, ಡಬ್ಬಿಂಗ್‌ನಲ್ಲಿ ಬದಲಾದ ಸಾಲನ್ನು ಹೊಸ ಧ್ವನಿಯಿಂದ ತುಂಬಬೇಕು, ಡಿಐ (ಬಣ್ಣ ತಿದ್ದುವ ಕೆಲಸ) ಮುಗಿದ ಶಾಟ್‌ಗಳನ್ನು ಹಳೆಯವುಗಳ ಜಾಗಕ್ಕೆ ಕೂರಿಸಬೇಕು. ಒಬ್ಬ ಅನುಭವಿ ಸಹಾಯಕ ಸಂಕಲನಕಾರರಿಗೆ ಇದು ಒಂದು ದಿನದ ಕೆಲಸ.