ಸಹಜೀಕರಣ: ಹುಟ್ಟದ ನಾಡಿನ ಪೌರರಾಗುವುದು

"ವರನಿಗೆ ಅಮೆರಿಕದ ಗ್ರೀನ್ ಕಾರ್ಡ್ ಪೌರತ್ವವಿದೆ" ಎಂಬ ಸಾಲನ್ನು ಈಚೆಗೆ ವಧೂವರರ ಅಂಕಣವೊಂದರಲ್ಲಿ ಓದಿದೆ. ಇದೇ ತಪ್ಪನ್ನು ಸುದ್ದಿಬರಹಗಳಲ್ಲಿ, ಮದುವೆಮನೆಯ ಮಾತುಕತೆಯಲ್ಲಿ ಎಷ್ಟೋ ಸಲ ಕಂಡು ಕೇಳಿ ಆಗಿರುವುದರಿಂದ, ಇನ್ನೂ ಸುಮ್ಮನಿರುವುದು ಸರಿಯಲ್ಲವೆನಿಸಿತು. ಗ್ರೀನ್ ಕಾರ್ಡ್ ಪೌರತ್ವವಲ್ಲ, ಪೌರತ್ವದ ಒಂದು ಬಗೆಯೂ ಅಲ್ಲ. ಬೇರೆ ದೇಶದ ಪ್ರಜೆಯೊಬ್ಬ ಅಮೆರಿಕದಲ್ಲಿ ಕಾಯಮ್ಮಾಗಿ ನೆಲೆಸಿ ದುಡಿಯಲು ದೊರೆಯುವ ಅನುಮತಿ ಅದು. ಕಾರ್ಡು ಕೈಯಲ್ಲಿದ್ದಷ್ಟು ಕಾಲವೂ ಆ ವರ ಭಾರತದ ಪ್ರಜೆಯೇ. ಅಲ್ಲಿನ ಚುನಾವಣೆಯಲ್ಲಿ ಅವನಿಗೆ ಮತವಿಲ್ಲ. ಅನುಮತಿಯ ದಡದಿಂದ ಪೌರತ್ವದ ದಡಕ್ಕೆ ದಾಟುವ ಕ್ರಿಯೆಗೆ ಬೇರೆಯೇ ಹೆಸರಿದೆ: ಇಂಗ್ಲಿಷಿನಲ್ಲಿ ನ್ಯಾಚುರಲೈಸೇಶನ್, ಕನ್ನಡದಲ್ಲಿ ಸಹಜೀಕರಣ.

ಮೊದಲು ಪೌರ ಎಂಬ ಪದವನ್ನು ನೋಡೋಣ. ಶಿವನಿಂದ ಶೈವ, ಬುದ್ಧನಿಂದ ಬೌದ್ಧ ಬಂದಂತೆ ಪುರದಿಂದ ಪೌರ. ಊರಿಗೆ ಸೇರಿದವನು ಎಂದು ಅರ್ಥ. 'ಪುರಜನ ಪರಿಜನ' ಎನ್ನುವಾಗ ಕಣ್ಣ ಮುಂದೆ ಬರುವುದು ಕೋಟೆಯೊಳಗಿನ ಪಟ್ಟಣವೇ ಹೊರತು ದೇಶವಲ್ಲ, ಮತ್ತು ಆ ಹಳೆಯ ಅರ್ಥವು ಪೌರಕಾರ್ಮಿಕ, ಪೌರಾಯುಕ್ತ, ಪೌರಾಡಳಿತ ಎಂಬ ಮಾತುಗಳಲ್ಲಿ ಇಂದಿಗೂ ಜೀವಂತವಾಗಿದೆ. ನಗರದಿಂದ ನಾಗರಿಕ, ಸಿಟಿಯಿಂದ ಸಿಟಿಜನ್ ಹುಟ್ಟಿದ್ದೂ ಹೀಗೆಯೇ. ಈ ಮೂರು ಪದಗಳೂ ಊರಿನಿಂದ ದೇಶಕ್ಕೆ ಹಿಗ್ಗಿದವು, ಆದರೆ ಒಳಗಿನ ಭಾವ ಬದಲಾಗಲಿಲ್ಲ: ಪೌರನೆಂದರೆ ಊರಿಗೆ ಸೇರಿದವನು, ಊರಿನಲ್ಲಿ ಬರಿದೇ ಇರುವವನಲ್ಲ. ವರ್ಷಗಟ್ಟಲೆ ಬಾಡಿಗೆಗಿದ್ದವನು ಮನೆಯ ಒಡೆಯನಾಗುವುದಿಲ್ಲ. ಜಾಹೀರಾತಿನ ಆ ಸಾಲು ಅಳಿಸಿಹಾಕುವುದು ಈ ಅಂತರವನ್ನೇ.

ಸಹಜೀಕರಣ ಎಂಬ ಪದದ ಮೇಲೆ ಕೆಲವರಿಗೆ ಅಸಮಾಧಾನವಿದೆ. ವಲಸೆ ಬಂದವರೇನು ಅಸಹಜರೇ, ಅವರನ್ನು ಸಹಜಗೊಳಿಸುವುದೆಂದರೇನು ಎಂದು ಕೇಳುತ್ತಾರೆ. ಸಹಜವೆಂದರೆ ಸ್ವಾಭಾವಿಕ, ಮಾಮೂಲು ಎಂಬ ಇಂದಿನ ಬಳಕೆಯಷ್ಟನ್ನೇ ಹಿಡಿದುಕೊಂಡರೆ ಈ ಪ್ರಶ್ನೆ ಏಳುತ್ತದೆ. ಪದವನ್ನು ಬಿಡಿಸಿ ನೋಡಿದರೆ ಏಳುವುದಿಲ್ಲ. ಸಹ ಎಂದರೆ ಕೂಡ, ಜ ಎಂದರೆ ಹುಟ್ಟಿದ್ದು. ಹುಟ್ಟಿನೊಡನೆ ಬಂದದ್ದು ಸಹಜ. ಪಂಕಜ, ಅನುಜ, ಅಂಡಜಗಳಲ್ಲಿರುವುದೂ ಇದೇ ಜ. ಇನ್ನು ನ್ಯಾಚುರಲೈಸೇಶನ್ ಪದದ ಮೂಲವಾದ ಲ್ಯಾಟಿನ್ ನಾತೂರಾ ಎಂಬುದು ಹುಟ್ಟಿದ ಎಂಬರ್ಥದ ನಾತುಸ್‌ನಿಂದ ಬಂದದ್ದು. ನಾತುಸ್‌ನ ಹಳೆಯ ರೂಪ ಗ್ನಾತುಸ್. ಅದರ ಧಾತುವೂ ಸಂಸ್ಕೃತದ ಜನ್ ಧಾತುವೂ ಒಂದೇ ಮೂಲದವು. ಹಾಗಾಗಿ ಸಹಜೀಕರಣವನ್ನು ಟಂಕಿಸಿದವರು ಅರ್ಥವನ್ನಷ್ಟೇ ಅಲ್ಲ, ಬೇರನ್ನೂ ಸರಿಯಾಗಿ ಹಿಡಿದಿದ್ದಾರೆ.

ಕೊನೆಯ '-ಈಕರಣ' ಇನ್ನೂ ಮುಖ್ಯವಾದದ್ದು. ಸಂಸ್ಕೃತ ವ್ಯಾಕರಣವು ಈ ರೂಪವನ್ನು ಅಭೂತತದ್ಭಾವ ಎಂದು ವಿವರಿಸುತ್ತದೆ: ಮೊದಲು ಹಾಗಿಲ್ಲದಿದ್ದದ್ದು ಹಾಗಾಗುವುದು. ಒಂದಾಗಿರದ ಪ್ರದೇಶಗಳು 1956ರಲ್ಲಿ ಒಂದಾದದ್ದನ್ನು ನಾವು ಏಕೀಕರಣ ಎಂದೆವಲ್ಲ, ಅದೇ ಜಾಡು. ಹುಟ್ಟಿನಿಂದ ಬಾರದಿದ್ದ ನಂಟನ್ನು ಕಾನೂನು ಹುಟ್ಟಿನಿಂದ ಬಂದಂತೆಯೇ ಮಾಡುವುದು ಸಹಜೀಕರಣ. 1868ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ 14ನೆಯ ತಿದ್ದುಪಡಿ ಇದನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ: ಆ ದೇಶದಲ್ಲಿ ಹುಟ್ಟಿ ಅಥವಾ ಸಹಜೀಕರಣ ಹೊಂದಿ ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರೆಲ್ಲರೂ ಪೌರರು. ರಾಷ್ಟ್ರಪತಿ, ಉಪರಾಷ್ಟ್ರಪತಿ ಹುದ್ದೆಗಳು ಹುಟ್ಟಿನಿಂದ ಪೌರರಾದವರಿಗೆ ಮೀಸಲಾಗಿರುವುದನ್ನೂ, ವಂಚನೆಯಿಂದ ಪಡೆದ ಸಹಜೀಕರಣವನ್ನು ರದ್ದುಪಡಿಸಬಹುದೆಂಬುದನ್ನೂ ಬಿಟ್ಟರೆ ಇಬ್ಬರ ನಡುವೆ ಮೇಲುಕೀಳಿಲ್ಲ.

ಹೀಗೆ 'ಮರುಹುಟ್ಟು' ಪಡೆಯಲು ಯಾರು ಯೋಗ್ಯರು ಎಂಬ ಪ್ರಶ್ನೆಗೆ ಆ ದೇಶ ಎಂದೂ ಒಂದೇ ಉತ್ತರ ಕೊಟ್ಟಿಲ್ಲ. 1790ರ ಮೊದಲ ಕಾಯಿದೆ ಸ್ವತಂತ್ರ ಬಿಳಿಯರಿಗೆ ಮಾತ್ರ ಅವಕಾಶವಿತ್ತಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಬಿಳಿಯನಲ್ಲವೆಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು, ಮತ್ತು ಆ ತೀರ್ಪಿನ ಬಲದಿಂದ, ಆಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳಲಾಯಿತು. ಬಾಗಿಲು ತೆರೆದದ್ದು 1946ರಲ್ಲಿ. ಅದರಿಂದ ಒಳಬಂದು 1949ರಲ್ಲಿ ಪೌರರಾದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಗೆ ಆಯ್ಕೆಯಾದರು. ಇಂಥ ಚರಿತ್ರೆಯುಳ್ಳ ಪದವನ್ನು ಕಾರ್ಡೊಂದಕ್ಕೆ ಅಂಟಿಸಿದಾಗ ನನಗೆ ಬೇಸರವಾಗುತ್ತದೆ.

ಇಂದಿನ ಅರ್ಹತೆಯ ವಿಚಾರದಲ್ಲಿ ಅತಿ ಹೆಚ್ಚು ಗೊಂದಲವಿರುವುದು ವರ್ಷಗಳ ಲೆಕ್ಕದಲ್ಲಿ. "ಹದಿನೈದು ವರ್ಷದಿಂದ ಅಲ್ಲೇ ಇದ್ದಾನೆ, ಇನ್ನೂ ಪೌರತ್ವ ಆಗಿಲ್ಲವೇ?" ಎಂದು ಬಂಧುಗಳು ಕೇಳುವುದುಂಟು. ತಾತ್ಕಾಲಿಕ ಉದ್ಯೋಗಕ್ಕೆಂದು ಕೊಡುವ ಎಚ್-1ಬಿ ವೀಸಾದಲ್ಲಿ ಕಳೆದ ವರ್ಷಗಳು ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಬಯಸುವವರಿಗೆ ದೇಶವಾರು ಶೇ. 7ರ ಮಿತಿಯಿರುವುದರಿಂದ ಭಾರತೀಯರ ಸರದಿ ಬಹಳ ಉದ್ದವಾಗಿದೆ, ಆ ಸರದಿಯಲ್ಲಿ ನಿಂತ ಕಾಲವೂ ಸೇರುವುದಿಲ್ಲ. ಕಾರ್ಡಿನ ಮುಖದ ಮೇಲೆ ಭಾವಚಿತ್ರದ ಜೊತೆಗೆ 'ರೆಸಿಡೆಂಟ್ ಸಿನ್ಸ್' ಎಂದು ಒಂದು ತಾರೀಖು ಅಚ್ಚಾಗಿರುತ್ತದೆ; ಐದು ವರ್ಷಗಳ ಎಣಿಕೆ ಶುರುವಾಗುವುದು ಆ ತಾರೀಖಿನಿಂದ. ಅಮೆರಿಕದ ಪೌರರನ್ನು ಮದುವೆಯಾಗಿ ಅವರೊಡನೆ ಬಾಳುತ್ತಿರುವವರಿಗೆ ಮೂರು ವರ್ಷ ಸಾಕು. ಜಾಹೀರಾತಿನ ತಪ್ಪು ಬರಿಯ ಪದದ ತಪ್ಪಲ್ಲವೆಂಬುದು ಇಲ್ಲಿ ಗೊತ್ತಾಗುತ್ತದೆ: ಪೌರನ ಹೆಂಡತಿಗೆ ವಲಸೆ ವೀಸಾದ ವಾರ್ಷಿಕ ಮಿತಿ ಇಲ್ಲ, ಗ್ರೀನ್ ಕಾರ್ಡುದಾರನ ಹೆಂಡತಿಗೆ ಇದೆ, 21 ದಾಟಿದ ಪೌರನು ತಂದೆತಾಯಿಗಳಿಗೆ ಗ್ರೀನ್ ಕಾರ್ಡ್ ಕೋರಬಹುದು, ಗ್ರೀನ್ ಕಾರ್ಡುದಾರನು ಕೋರುವಂತಿಲ್ಲ.

ಐದು ವರ್ಷವೆಂದರೂ ಅದು ಎರಡು ಬೇರೆ ಬೇರೆ ಲೆಕ್ಕ. ಒಂದು, ನಿರಂತರ ವಾಸ: ಮನೆ, ಸಂಸಾರ, ತೆರಿಗೆ ಎಲ್ಲವೂ ಅಲ್ಲಿಯೇ ಇದ್ದು, ನೆಲೆ ಕದಲಿಲ್ಲವೆಂದು ತೋರಿಸುವುದು. ಇನ್ನೊಂದು, ಕಾಲು ಆ ನೆಲದ ಮೇಲೆ ಇದ್ದ ದಿನಗಳ ಎಣಿಕೆ. ಐದು ವರ್ಷಗಳಲ್ಲಿ ಕನಿಷ್ಠ 30 ತಿಂಗಳು. ಒಂದೇ ಪ್ರವಾಸ ಆರು ತಿಂಗಳನ್ನು ಮೀರಿದರೆ ನಿರಂತರ ವಾಸ ಮುರಿಯಿತೆಂದೇ ಅಧಿಕಾರಿಗಳು ಭಾವಿಸುತ್ತಾರೆ, ಮುರಿದಿಲ್ಲವೆಂದು ಸಾಧಿಸುವ ಹೊಣೆ ಅರ್ಜಿದಾರರದು. ಮಗನ ಮೂಲಕ ಗ್ರೀನ್ ಕಾರ್ಡ್ ಪಡೆದು, ಚಳಿಗಾಲಕ್ಕೆಂದು ಮೈಸೂರಿಗೆ ಬಂದು, ಮೊಮ್ಮಗಳ ಮದುವೆ ಮುಗಿಸಿಕೊಂಡು ಏಳನೆಯ ತಿಂಗಳಿಗೆ ಹಿಂದಿರುಗುವ ಹಿರಿಯರು ಎಡವುವುದು ಇಲ್ಲಿಯೇ. ದಿನಗಳ ಒಟ್ಟು ಮೊತ್ತ ಸರಿಯಾಗಿಯೇ ಇದ್ದರೂ ಒಂದೇ ಉದ್ದನೆಯ ಗೈರುಹಾಜರಿ ತೊಡಕಾಗಬಹುದು.

ಸನ್ನಡತೆಯ ಪರಿಶೀಲನೆ, ಇಂಗ್ಲಿಷ್ ಓದುಬರಹ, ಪೌರನೀತಿಯ ಪರೀಕ್ಷೆ ಇವು ಬಹುಮಂದಿಗೆ ಗೊತ್ತಿರುವಂಥವೇ. ಆದರೆ 55 ವಯಸ್ಸಾಗಿ 15 ವರ್ಷ, ಅಥವಾ 50 ವಯಸ್ಸಾಗಿ 20 ವರ್ಷ ಕಾಯಂ ನಿವಾಸಿಯಾಗಿದ್ದವರಿಗೆ ಇಂಗ್ಲಿಷಿನಿಂದ ವಿನಾಯಿತಿಯಿದ್ದು, ಪೌರನೀತಿಯ ಪ್ರಶ್ನೆಗಳಿಗೆ ದುಭಾಷಿಯ ನೆರವಿನಿಂದ ತಮ್ಮ ಭಾಷೆಯಲ್ಲಿಯೇ ಉತ್ತರಿಸಬಹುದೆಂಬುದು ಅಷ್ಟಾಗಿ ತಿಳಿದಿಲ್ಲ. ನನ್ನ ಚಿಕ್ಕಮ್ಮ ಕನ್ನಡದಲ್ಲಿಯೇ ಉತ್ತರಿಸಿದರು. ರೂಲ್ ಹಾಕಿದ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನೆಲ್ಲ ದುಂಡಗೆ ಬರೆದುಕೊಂಡಿದ್ದರು. ಆ ಸಂವಿಧಾನದ ಮೊದಲ ಮೂರು ಪದಗಳು ಯಾವುವೆಂಬ ಪ್ರಶ್ನೆಯ ಎದುರಿಗೆ 'ವಿ ದ ಪೀಪಲ್' ಎಂದು ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ 'ಭಾರತದ ಜನತೆಯಾದ ನಾವು, ನೆನಪಿಟ್ಟುಕೋ' ಎಂದು ತಮಗೆ ತಾವೇ ಹೇಳಿಕೊಂಡಿದ್ದರು.

ಸಂದರ್ಶನದಲ್ಲಿ ತೇರ್ಗಡೆಯಾದ ಕೂಡಲೇ ಪೌರತ್ವ ಬಂತೆಂದು ಹೇಳುವುದೂ ತಪ್ಪು. ಅರ್ಜಿದಾರರು ಪೌರರಾಗುವುದು ಪ್ರಮಾಣವಚನ ಸ್ವೀಕರಿಸಿದಾಗ. ಅಂದು ಗ್ರೀನ್ ಕಾರ್ಡನ್ನು ಹಿಂದಿರುಗಿಸಿ ಸಹಜೀಕರಣದ ಪ್ರಮಾಣಪತ್ರ ಪಡೆಯುತ್ತಾರೆ. ಅದೇ ಗಳಿಗೆಯಲ್ಲಿ, 1955ರ ನಮ್ಮ ಪೌರತ್ವ ಅಧಿನಿಯಮದ 9ನೆಯ ಪ್ರಕರಣದಂತೆ, ಭಾರತದ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ಆದ್ದರಿಂದ ಇಂಥವರ ಬಗ್ಗೆ 'ಭಾರತದ ಪೌರತ್ವ ತ್ಯಜಿಸಿದರು' ಎಂದು ಬರೆಯುವುದು ನಿಖರವಲ್ಲ. ಘೋಷಣೆಯ ಮೂಲಕ ತ್ಯಜಿಸುವುದು 8ನೆಯ ಪ್ರಕರಣದ ಮಾತು. ಇಲ್ಲಿ ಬಿಡುವ ಕ್ರಿಯೆಯೇ ಇಲ್ಲ. ತರುವಾಯ ಪಾಸ್‌ಪೋರ್ಟ್ ಒಪ್ಪಿಸುವುದು ಆಗಲೇ ಮುಗಿದುಹೋದದ್ದರ ದಾಖಲೆ ಮಾತ್ರ.

ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡನ್ನು ದ್ವಿಪೌರತ್ವ ಎನ್ನುವವರಿಗೂ ಇದೇ ಉತ್ತರ. ಈ ಗೊಂದಲಕ್ಕೆ ಓದುಗರನ್ನು ಪೂರ್ತಿಯಾಗಿ ದೂರಲಾರೆ, ಏಕೆಂದರೆ ಸಾಗರೋತ್ತರ ಪೌರ ಎಂಬ ಹೆಸರನ್ನು ಕೊಟ್ಟದ್ದು ಕಾಯಿದೆಯೇ. 2015ರ ತಿದ್ದುಪಡಿ ಆ ಹೆಸರಿನ ಕೊನೆಗೆ 'ಕಾರ್ಡುದಾರ' ಎಂಬ ಪದವನ್ನು ಸೇರಿಸಿತು. ಆ ಕಾರ್ಡುದಾರರು ವೀಸಾ ಇಲ್ಲದೆ ಬಂದುಹೋಗಬಹುದು, ಬೆಂಗಳೂರಿನಲ್ಲಿ ಮನೆ ಕೊಳ್ಳಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಅಪ್ಪನ ಗದ್ದೆ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅದರ ಪಕ್ಕದ ಗದ್ದೆಯನ್ನು ಕ್ರಯಕ್ಕೆ ಪಡೆಯುವಂತಿಲ್ಲ.