ಬೆಟ್ಟ ಹತ್ತಿ ಹತ್ತು ನಿಮಿಷವಾದರೂ ಮಗನ ಎದೆಬಡಿತ ಇಳಿಯುತ್ತಿಲ್ಲ, ಹೃದಯಕ್ಕೆ ತೊಂದರೆಯೇ?

ಪ್ರಶ್ನೆ: ನಮ್ಮ ಹುಡುಗಗ ಹತ್ತು ವರ್ಷ ರೀ. ಎತ್ತರ 138 ಸೆಂ.ಮೀ., ತೂಕ 48 ಕಿಲೋ. ಹುಬ್ಬಳ್ಳಿ ನೃಪತುಂಗ ಬೆಟ್ಟ ಹತ್ತಿ ಕುಂತ್ರ ಹತ್ತು ನಿಮಿಷಾದ್ರೂ ಎದಿ ಢವಢವ ಬಡಕೋತಿರತೈತಿ. ಅವನ ವಾರಗಿ ಹುಡುಗರು ಅಷ್ಟೊತ್ತಿಗೆ ಮತ್ತ ಓಡಾಕ ಹತ್ತಿರತಾರ. ಹಾರ್ಟಿಗೆ ಏನರ ತೊಂದ್ರಿ ಐತೇನ್ರಿ?

ಉತ್ತರ: ಬಡಿತ ನಿಧಾನವಾಗಿ ಇಳಿಯುವುದೊಂದೇ ಲಕ್ಷಣವಾಗಿದ್ದರೆ ಹೃದಯದ ಕಾಯಿಲೆ ಇರುವ ಸಾಧ್ಯತೆ ಕಡಿಮೆ. ಮೈ ಬಂದಿರುವ, ಆಟ ಕಡಿಮೆಯಿರುವ ಮಕ್ಕಳಲ್ಲಿ ಇದು ಸಾಮಾನ್ಯ. ಹಾಗಂತ ‘ಎತ್ತರ ಬೆಳೆದ್ರ ಸರಿ ಹೋಗತೈತಿ’ ಎಂದು ಬಿಡುವಂಥದ್ದೂ ಅಲ್ಲ.

ಮೊದಲು ತೂಕದ ಲೆಕ್ಕ. 48 ಕಿಲೋವನ್ನು ಮೀಟರಿನ ಎತ್ತರ 1.38ರಿಂದ ಎರಡು ಸಲ ಭಾಗಿಸಿದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂದು ತೋರಿಸುವ ಅಂಕಿ) ಸುಮಾರು 25. ದೊಡ್ಡವರ ಪಟ್ಟಿ ನೋಡಿ ‘ಸ್ವಲ್ಪ ಜಾಸ್ತಿ ಅಷ್ಟೇ’ ಎನ್ನುವವರೇ ಹೆಚ್ಚು. ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಪಟ್ಟಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 10 ವರ್ಷದ ಹುಡುಗನಿಗೆ ನಡುವಿನ ಅಂಕಿ 16.4, 21.4 ದಾಟಿದರೆ ಬೊಜ್ಜು. 138 ಸೆಂ.ಮೀ. ಎತ್ತರಕ್ಕೆ ಆ ನಡುವಿನ ತೂಕ 31 ಕಿಲೋ. ಅಂದರೆ ಈ ಹುಡುಗ ಬೆಟ್ಟ ಹತ್ತುವುದು 17 ಕಿಲೋ ಜೋಳದ ಚೀಲ ಹೊತ್ತುಕೊಂಡು. ವಾರಗಿಯವರ ಜೊತೆ ಅವನನ್ನು ಹೋಲಿಸುವುದೇ ಅನ್ಯಾಯ.

ಭಾರ ಅರ್ಧ ಕಾರಣ, ಉಳಿದರ್ಧ ಬ್ರೇಕು. ಓಡುವಾಗ ಬಡಿತ ಏರಿಸುವ ನರಗಳು ಬೇರೆ, ಇಳಿಸುವ ನರ ಬೇರೆ. ಇಳಿಸುವುದು ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ. ಓಟ ನಿಂತ ಮೊದಲ ಒಂದು ನಿಮಿಷದ ಇಳಿಕೆ ಬಹುಪಾಲು ಇದರ ಕೆಲಸ. ಆಮೇಲಿನ ನಿಧಾನದ ಇಳಿಕೆ, ಬಡಿತ ಏರಿಸುವ ಹಾರ್ಮೋನಾದ ಅಡ್ರಿನಲಿನ್ ರಕ್ತದಲ್ಲಿ ಕರಗಿ ಮೈ ಬಿಸಿ ಆರುವುದನ್ನು ಕಾಯುತ್ತದೆ. ಬೊಜ್ಜಿರುವ ಮಕ್ಕಳಲ್ಲಿ ವೇಗಸ್ ಹಿಡಿತ ಸಡಿಲವಾಗಿರುತ್ತದೆ, ಚರ್ಮದಡಿಯ ಕೊಬ್ಬಿನಿಂದ ಶಾಖವೂ ಬೇಗ ಹೊರಹೋಗುವುದಿಲ್ಲ. ಹಾಗಾಗಿ ಏಪ್ರಿಲ್ ಬಿಸಿಲಲ್ಲಿ ಹತ್ತು ನಿಮಿಷ ಸಾಲದೇ ಹೋದರೆ ಆಶ್ಚರ್ಯವಿಲ್ಲ. ಸಮಾಧಾನದ ಸಂಗತಿಯೆಂದರೆ, ನಿತ್ಯ ಆಡಿದರೆ ತೂಕದ ಕಾಟಾ ಅಲುಗಾಡುವ ಮೊದಲೇ ಈ ಬ್ರೇಕು ಬಿಗಿಯಾಗಬಹುದು. ಆಟ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಸಡಿಲ.

ಇದನ್ನು ಮನೆಯಲ್ಲೇ ಅಳೆಯಬಹುದು. ಸುಮಾರು 30 ಸೆಂ.ಮೀ. ಎತ್ತರದ, ಅಲುಗಾಡದ ಒಂದು ಮೆಟ್ಟಿಲು ಆರಿಸಿಕೊಳ್ಳಿ. ಮನೆಯಲ್ಲಿರುವುದು 20 ಸೆಂ.ಮೀ. ಆದರೂ ನಡೆಯುತ್ತದೆ, ಪ್ರತಿ ಸಲ ಅದೇ ಇರಲಿ. ಮೊಬೈಲಿನಲ್ಲಿ ಮೆಟ್ರೊನೋಮ್ (ತಾಳಕ್ಕೆ ಟಿಕ್ ಟಿಕ್ ಎನ್ನುವ ಆ್ಯಪ್) ನಿಮಿಷಕ್ಕೆ 96ಕ್ಕೆ ಇಟ್ಟು, ಒಂದು ಟಿಕ್ಕಿಗೆ ಒಂದು ಹೆಜ್ಜೆ: ಬಲಗಾಲು ಮೇಲೆ, ಎಡಗಾಲು ಮೇಲೆ, ಬಲ ಕೆಳಗೆ, ಎಡ ಕೆಳಗೆ. ನಿಮಿಷಕ್ಕೆ 24 ಸಲ ಹತ್ತಿಳಿದಂತಾಯಿತು. ಮೂರು ನಿಮಿಷ ಮುಗಿದ ಕೂಡಲೇ ಕುರ್ಚಿಯಲ್ಲಿ ಕೂರಿಸಿ 15 ಸೆಕೆಂಡು ಬಡಿತ ಎಣಿಸಿ, ನಾಲ್ಕರಿಂದ ಗುಣಿಸಿ. ಕೂತು ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ 15 ಸೆಕೆಂಡು. ಎರಡೂ ಅಂಕಿಗಳನ್ನು ಬರೆದಿಡಿ. ನಡುವೆ ತಲೆ ಸುತ್ತಿದರೆ, ಎದೆ ನೋವು ಅಂದರೆ ಅಲ್ಲಿಗೇ ನಿಲ್ಲಿಸಿ.

ತಪ್ಪಾಗುವುದು ಎಣಿಸುವಲ್ಲಿ. ದುಂಡು ಕೈಯ ಮಣಿಕಟ್ಟಿನಲ್ಲಿ ನಾಡಿ ಸಿಗದೆ ಹತ್ತು ಸೆಕೆಂಡು ಹುಡುಕಾಟದಲ್ಲೇ ಹೋಗುತ್ತದೆ, ಅಷ್ಟರಲ್ಲಿ ಬಡಿತ ಇಳಿದಿರುತ್ತದೆ. ಎಡ ಎದೆಯ ಮೇಲೆ ಅಂಗೈ ಇಟ್ಟರೆ ಸುಲಭ. ಕುತ್ತಿಗೆ ಒತ್ತಬೇಡಿ, ಒತ್ತಿದರೆ ಬಡಿತ ತಾನೇ ತಗ್ಗುತ್ತದೆ. ಒಂದು ಬಡಿತ ತಪ್ಪಿ ಎಣಿಸಿದರೂ ಲೆಕ್ಕ ನಾಲ್ಕು ಆಚೀಚೆ ಆಗುವುದರಿಂದ ಮೂರು ದಿನ ಅಳೆದು ಸರಾಸರಿ ತೆಗೆಯಿರಿ. ಊಟವಾಗಿ ಎರಡು ತಾಸು ಕಳೆದಿರಲಿ. ಜ್ವರ, ನೆಗಡಿ ಇದ್ದ ದಿನ ಬೇಡ.

ಉದಾಹರಣೆಗೆ ಮೊದಲ ತಿಂಗಳು 168ರಿಂದ 144ಕ್ಕೆ ಇಳಿದದ್ದು, ಎರಡು ತಿಂಗಳಾದ ಮೇಲೆ 156ರಿಂದ 122ಕ್ಕೆ ಬಂದರೆ ದಾರಿ ಸರಿಯಿದೆ. ಇಳಿಕೆ 24ರಿಂದ 34 ಆಯಿತು, ಅದೇ ಕೆಲಸಕ್ಕೆ ಏರಿಕೆಯೂ ಕಡಿಮೆಯಾಯಿತು. ‘ನಿಮಿಷಕ್ಕೆ 12 ಇಳಿದರೆ ಸಾಕು’ ಎಂಬ ಮಾತು ದೊಡ್ಡವರ ಟ್ರೆಡ್‌ಮಿಲ್ ಪರೀಕ್ಷೆಯದು. ಮಕ್ಕಳ ಬಡಿತ ಸಹಜವಾಗಿ ಅದಕ್ಕಿಂತ ಚುರುಕಾಗಿ ಇಳಿಯುತ್ತದೆ. ಆ ಅಂಕಿ ಇಲ್ಲಿ ಉಪಯೋಗಕ್ಕಿಲ್ಲ.

ವ್ಯಾಯಾಮವನ್ನು ಬೆಟ್ಟದಿಂದ ಶುರು ಮಾಡಬೇಡಿ. ಉಣಕಲ್ ಕೆರೆ ದಂಡೆಯಂಥ ಸಮತಟ್ಟು ಜಾಗದಲ್ಲಿ 20 ನಿಮಿಷ ಸಾಕು: ಎರಡು ನಿಮಿಷ ಬಿರುಸು, ಒಂದು ನಿಮಿಷ ನಿಧಾನ. ಬಿರುಸಿನಲ್ಲಿ ಮಾತಾಡಲು ಬರಬೇಕು, ಹಾಡಲು ಬರಬಾರದು. ವಾರಕ್ಕೆ ಐದು ನಿಮಿಷದಂತೆ ಏರಿಸಿ ದಿನಕ್ಕೆ 60 ನಿಮಿಷಕ್ಕೆ ತನ್ನಿ. ಸೈಕಲ್, ಈಜು ಮೊಣಕಾಲಿಗೆ ಹಗುರ. ತಿಂಗಳಾದ ಮೇಲೆ ಖೋಖೋ, ಕಬಡ್ಡಿ. ಮೈದಾನ ಸುತ್ತಿಸುವುದನ್ನು ಶಿಕ್ಷೆ ಮಾಡಿದ ದಿನವೇ ಹುಡುಗ ಆಟ ಬಿಡುತ್ತಾನೆ. ಮುಗಿಸುವಾಗ ಗಕ್ಕನೆ ಕೂರಬಾರದು, ಕಾಲಲ್ಲಿ ರಕ್ತ ನಿಂತು ತಲೆ ಸುತ್ತುತ್ತದೆ. ನಾಲ್ಕೈದು ನಿಮಿಷ ಮೆಲ್ಲಗೆ ನಡೆಯಲಿ. ಮೆಟ್ಟಿಲ ಪರೀಕ್ಷೆ ಸಣ್ಣದು, ಅಲ್ಲಿ ಕೂತೇ ಎಣಿಸಬಹುದು.

ಊಟ ಬಿಡಿಸಬೇಡಿ. ರೊಟ್ಟಿ, ಪಲ್ಯ, ಬೇಳೆ ತಿನ್ನಲಿ. ಗಿರಮಿಟ್ ಜೊತೆಗಿನ ಮಿರ್ಚಿ ಬಜ್ಜಿ, ಆಟ ಮುಗಿದ ಮೇಲಿನ ‘ಬಹುಮಾನದ’ ಕೋಲಾ, ಇವೇ ಕಳ್ಳರು. 250 ಮಿ.ಲೀ. ಕೋಲಾದಲ್ಲಿ ಐದಾರು ಚಮಚ ಸಕ್ಕರೆ. ಅರ್ಧ ತಾಸಿನ ನಡಿಗೆ ಅದೊಂದಕ್ಕೇ ಸರಿಹೋಯಿತು.

ಓಡುವಾಗಲೇ ಎದೆ ನೋವು, ಎಚ್ಚರ ತಪ್ಪುವುದು, ಕೂತಲ್ಲೇ ಬಡಿತ ತಟ್ಟನೆ ಏರಿ ತಟ್ಟನೆ ಇಳಿಯುವುದು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು: ಇವುಗಳಲ್ಲಿ ಒಂದಿದ್ದರೂ ಮೆಟ್ಟಿಲ ಪರೀಕ್ಷೆ ಬೇಡ, ಮೊದಲು ಮಕ್ಕಳ ಹೃದಯ ತಜ್ಞರು. ಆಟ ನಿಂತ ಮೇಲೆ ಕೆಮ್ಮು, ಸುಯ್ ಎನ್ನುವ ಉಸಿರು ಬಂದರೆ ಅದು ಅಸ್ತಮಾ ಇರಬಹುದು. ಕುತ್ತಿಗೆ ಸುತ್ತ ಕಪ್ಪು ದಪ್ಪ ಚರ್ಮ, ನಿದ್ದೆಯಲ್ಲಿ ಗೊರಕೆ ನಡುನಡುವೆ ಉಸಿರು ಕಟ್ಟುವುದನ್ನೂ ಮಕ್ಕಳ ಡಾಕ್ಟರಿಗೆ ಹೇಳಿ. ಹಿಮೋಗ್ಲೋಬಿನ್ ನೋಡಿಸಿ, ಈ ವಯಸ್ಸಿನಲ್ಲಿ 11.5ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, ಬಡಿತ ಏರುವುದಕ್ಕೆ ಅದೊಂದೇ ಸಾಕು. ದಪ್ಪ ಮಕ್ಕಳಿಗೂ ರಕ್ತಹೀನತೆ ಇರುತ್ತದೆ. ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಸಣ್ಣದಾದರೆ ಅಂಕಿ ಸುಳ್ಳು ಏರುತ್ತದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟಾದರೂ ಆವರಿಸಿರಬೇಕು. ಸಣ್ಣದು ಅನ್ನಿಸಿದರೆ ‘ದೊಡ್ಡ ಪಟ್ಟಿ ಹಾಕಿ ನೋಡ್ರಿ’ ಎಂದು ಕೇಳಲು ಸಂಕೋಚ ಬೇಡ.